ತುಂಬಿದ ಡ್ರಮ್ಮು

ವರ್ಷದ ಎಡೆ ಹಾಕಿದ ಮಾರನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತೇನೆ. ಮೈದುನ ನಡುಮನೆಯ ಬಾಗಿಲಿಗೆ ಬಂದು ನಿಂತ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಸುಟ್ಟ ಮೇಲೆ ಆ ಕೈಯನ್ನು ಅವನು ಯಾರ ಎದುರಿಗೂ ಹೊರಗೆ ತೆಗೆಯುತ್ತಿರಲಿಲ್ಲ.

"ಅತ್ತಿಗೆ, ಶೆಡ್ಡಿನ ಬೀಗದ ಕೈ ಕೊಡ್ರಿ."

"ಯಾಕಪ್ಪ?"

"ಯಾಕೆ ಅಂದ್ರೆ ಏನ್ ಹೇಳ್ಲಿ? ತೆಗಿಯಾಕೆ."

ಆ ಶೆಡ್ಡಿನ ಮುಂದೆ ಅವನ ಅಣ್ಣ, ಅಂದರೆ ನನ್ನ ಗಂಡ, ಸುಟ್ಟುಹೋದರು. ಅವನೂ ಪಕ್ಕದಲ್ಲೇ ಇದ್ದ. ಈಗ ಈ ಮನೆಗೆ ಉಳಿದಿರುವವನು ಅವನೊಬ್ಬ. ಬೀಗದ ಕೈ ಕೊಟ್ಟರೆ ಮತ್ತೆ ಅದೇ ಪೆಟ್ರೋಲಿನ ಪಕ್ಕದಲ್ಲಿ ಕುಳಿತು ಕಿಡಿ ಹಾರಿಸುತ್ತಾನೆ. ಕೊಡದಿದ್ದರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಇವನನ್ನೂ ಆ ತಗಡಿನ ಕೆಳಗೆ ಕಳೆದುಕೊಳ್ಳಬಾರದು ಎನ್ನುವುದೊಂದೇ ಒಂದು ವರ್ಷದಿಂದ ನನ್ನ ತಲೆಯಲ್ಲಿದ್ದ ಯೋಚನೆ. ಆ ಯೋಚನೆ ಇದ್ದದ್ದರಿಂದಲೇ ಏನೋ, ಬೇರೆ ಯೋಚನೆಗಳು ಬರದೆ ನಾನು ದಿನ ಕಳೆದೆ.

"ಸಾಯಂಕಾಲ ಮಾತಾಡಾಣ" ಎಂದೆ. ಅವನು ಕುಡುಗೋಲು ತೆಗೆದುಕೊಂಡು ಕೂಲಿಗೆ ಹೊರಟ.

ನಮ್ಮ ಊರು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನ ಕಡೆ ಹೋಗುವ ರಸ್ತೆಯಲ್ಲಿದೆ. ಪೆಟ್ರೋಲ್ ಬಂಕು ದೂರ. ಹೊಲದಲ್ಲಿ ಔಷಧಿ ಹೊಡೆಯುವ ಮಿಷನ್ನಿಗೆ, ದಾರಿಯಲ್ಲಿ ನಿಂತುಹೋದ ಬೈಕಿಗೆ ಒಂದು ಬಾಟಲಿ ಪೆಟ್ರೋಲ್ ಬೇಕೆಂದರೆ ಜನ ನಮ್ಮ ಶೆಡ್ಡಿಗೇ ಬರುತ್ತಿದ್ದರು. ಮನೆಗೆ ಹೊಂದಿಕೊಂಡಂತೆ ತಗಡು ಹೊದಿಸಿದ ಜಾಗ ಅದು. ಒಂದು ಕಡೆ ನಮ್ಮ ಮನೆಯವರು ಬೈಕು ರಿಪೇರಿ ಮಾಡುತ್ತಿದ್ದರು, ಇನ್ನೊಂದು ಕಡೆ ಮೈದುನನ ವೆಲ್ಡಿಂಗ್. ಹಿಂದಿನ ಮೂಲೆಯಲ್ಲಿ ಕಬ್ಬಿಣದ ಡ್ರಮ್ಮು. ಕ್ಯಾನಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದು ಬಂಕಿನಲ್ಲಿ ಬೋರ್ಡು ಇತ್ತು. ಆದರೆ ಮುಖ ಗುರುತು ಇದ್ದವರಿಗೆ ಹಾಕುತ್ತಿದ್ದರು. ಇವರು ಲಗೇಜ್ ಆಟೋದಲ್ಲಿ ಕ್ಯಾನುಗಳನ್ನು ತಂದು ಡ್ರಮ್ಮಿಗೆ ಸುರಿಯುತ್ತಿದ್ದರು.

ಇವರು ಅಜಾಗರೂಕತೆಯ ಮನುಷ್ಯ ಅಲ್ಲ. ಇದನ್ನು ನಾನು ಗಂಡ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಡ್ರಮ್ಮಿಗೆ ಪೆಟ್ರೋಲ್ ಸುರಿದ ದಿನ ಮೈದುನನ ವೆಲ್ಡಿಂಗನ್ನು ಶೆಡ್ಡಿನ ಹೊರಗೆ, ರಸ್ತೆಯ ಅಂಚಿಗೆ ಕಳಿಸುತ್ತಿದ್ದರು. ದೇವರ ಪಟದ ಮುಂದೆ ಅತ್ತೆ ಊದುಬತ್ತಿ ಹಚ್ಚಲು ಬಂದರೆ ಅದನ್ನೂ ಬಿಡುತ್ತಿರಲಿಲ್ಲ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ "ಬೀಡಿ ಸೇದಬಾರದು" ಎಂದು ತಾವೇ ಬರೆದಿದ್ದರು. ಮರಳು ತುಂಬಿದ ಬಕೆಟ್ಟು ಇತ್ತು. ಅದರಲ್ಲಿ ಬೀಡಿ ತುಂಡು ಚುಚ್ಚಿದವರಿಗೆ, ವಯಸ್ಸು ನೋಡದೆ ಬೈಯುತ್ತಿದ್ದರು.

ಡ್ರಮ್ಮು ಮುಗಿದ ದಿನ ಮಾತ್ರ ಈ ಕಟ್ಟಳೆಗಳೆಲ್ಲ ಸಡಿಲವಾಗುತ್ತಿದ್ದವು. ಮುಗಿಯಿತು ಎಂದು ನಾನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಅಕ್ಕಿ ತೀರಿದರೆ ಅತ್ತೆ "ಅಕ್ಕಿ ತುಂಬೈತೆ ಕಣವ್ವ, ತರ್ಸು" ಅನ್ನುತ್ತಾರೆ. ಎಣ್ಣೆ ತೀರಿದರೂ ತುಂಬೈತೆ. ದೀಪ ಆರಿಸುವುದಕ್ಕೆ ದೀಪ ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಇಲ್ಲ, ಖಾಲಿ, ಮುಗೀತು ಎಂಬ ಮಾತುಗಳು ಹೊಸಿಲೊಳಗೆ ಬರಬಾರದು. ನನ್ನ ತವರು ಹೊಳಲ್ಕೆರೆ ಕಡೆ. ಅಲ್ಲೂ ಇದೇ ರೂಢಿ, ಹಾಗಾಗಿ ಮದುವೆಯಾಗಿ ಬಂದಾಗ ನನಗೇನೂ ಹೊಸದೆನಿಸಲಿಲ್ಲ. ಮನೆಯ ಮಾತು ಶೆಡ್ಡಿಗೂ ಹೋಗಿತ್ತು. ಪೆಟ್ರೋಲ್ ತೀರಿದರೆ ಇವರು ಬಂದವರಿಗೆ "ತುಂಬೈತೆ, ನಾಳಿಕ್ಕೆ ಬರ್ರಿ" ಅನ್ನುತ್ತಿದ್ದರು. ಒಮ್ಮೆ ಯಾವುದೋ ಬೇರೆ ಸೀಮೆಯ ಬೀಜದ ಕಂಪನಿಯವನು ಅದನ್ನು ಕೇಳಿ ಖುಷಿಯಿಂದ ಬಾಟಲಿ ಮುಂದೆ ಹಿಡಿದು ನಿಂತನಂತೆ. ಇವರು ಎರಡನೇ ಸಲವೂ ತುಂಬೈತೆ ಅಂದರು. ಅವನು "ಹಾಗಾದ್ರೆ ಕೊಡಿ ಸ್ವಾಮಿ" ಅಂದ. ಊಟಕ್ಕೆ ಕುಳಿತಾಗ ಇದನ್ನು ಹೇಳಿ ಇವರು ನಕ್ಕು ನಕ್ಕು ನೆತ್ತಿಗೇರಿಸಿಕೊಂಡಿದ್ದರು.

ಬೀಡಿ ಚಟದವರಿಗೂ ಇದು ಚೇಷ್ಟೆಯ ಮಾತಾಗಿತ್ತು. ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕುಂತವರು ಕೂಗುತ್ತಿದ್ದರು.

"ಏನಪ್ಪ, ಇವತ್ತು ತುಂಬೈತೋ ಹೆಂಗೆ?"

"ತುಂಬೈತೆ ಬಿಡ್ರಿ."

"ಹಂಗಾದ್ರೆ ಒಂದು ಬೀಡಿ ಹಚ್ಚಾಣ."

ನಮ್ಮ ಶಾಲೆಯ ಅಡುಗೆಮನೆಗೆ ಒಮ್ಮೆ ಬೆಂಕಿ ನಂದಿಸುವವರು ಬಂದು ಪಾಠ ಮಾಡಿದ್ದರು. ಗ್ಯಾಸಿನ ವಾಸನೆ ಬಂದರೆ ಲೈಟು ಹಾಕಬೇಡಿ, ಸಿಲಿಂಡರನ್ನು ಮಲಗಿಸಬೇಡಿ, ಖಾಲಿ ಸಿಲಿಂಡರಿಗೂ ಮುಚ್ಚಳ ಹಾಕಿ ಹೊರಗಿಡಿ ಎಂದಿದ್ದರು. ನಾನು ಮನೆಗೆ ಬಂದು ಇವರಿಗೆ ಹೇಳಿದೆ.

"ಖಾಲಿದಕ್ಕೆ ಯಾಕಂತೆ ಮುಚ್ಚಳ?" ಎಂದರು.

"ನನಗೇನು ಗೊತ್ತು. ಹಾಕ್ರಿ ಅಂದ್ರು, ಹಾಕ್ತೀವಿ."

"ಸಾಂಬಾರು ಮಾಡೋರಿಗೆ ಇಷ್ಟೊಂದು ಕಾನೂನು. ನನ್ನ ಶೆಡ್ಡಿಗೆ ಬಂದ್ರೆ ಓಡೋಗ್ತಾರೆ ನಿಮ್ಮ ಮೇಷ್ಟ್ರು" ಎಂದು ನಕ್ಕರು. ನಾನೂ ನಕ್ಕೆ. ಸಿಲಿಂಡರೂ ಡ್ರಮ್ಮೂ ಒಂದೇ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆ ಡ್ರಮ್ಮು ಹಳೆಯದಾಗಿ ತಳದಲ್ಲಿ ತುಕ್ಕು ಹಿಡಿಯಿತು. ಇವರು ಬೇರೆ ಡ್ರಮ್ಮು ತಂದರು. ಹಳೆಯದನ್ನು ಪೂರ್ತಿ ಬಸಿದು, ಬಾಯಿ ಬಿಗಿದು, ಶೆಡ್ಡಿನ ಹಿಂದೆ ಬಿಸಿಲಿಗೆ ಉರುಳಿಸಿದರು. ಅದು ಅಲ್ಲೇ ಬಹಳ ದಿನ ಬಿದ್ದಿತ್ತು. ಕುರಿ ಮೇಯಿಸುವ ಹಿರಿಯರೊಬ್ಬರು ರಸ್ತೆಯಲ್ಲಿ ಹೋಗುತ್ತಾ ಬರುತ್ತಾ ಅದನ್ನು ನೋಡುತ್ತಿದ್ದರು. ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದರೆ ಕುರಿಗಳಿಗೆ ನೀರು ಕುಡಿಸಲು ಎರಡು ತೊಟ್ಟಿ ಆಗುತ್ತದೆ ಎಂದು ಅವರ ಲೆಕ್ಕ. ನಮ್ಮ ಸುತ್ತಿನ ಹಟ್ಟಿಗಳಲ್ಲಿ ಅಂಥ ತೊಟ್ಟಿಗಳು ಎಷ್ಟೋ ಇವೆ. ಹೆಚ್ಚಿನವು ಎಣ್ಣೆಯ ಡ್ರಮ್ಮಿನವು, ಡಾಂಬರಿನ ಡ್ರಮ್ಮಿನವು. ಇದು ಪೆಟ್ರೋಲಿನದು. ಸೀಳುವವರಿಗೆ ಎಲ್ಲವೂ ಡ್ರಮ್ಮೇ.

ಅವತ್ತು ಮಧ್ಯಾಹ್ನ ನಾನು ಶಾಲೆಯಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಿದ್ದೆ. ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿದ ಹಾಗೆ ಒಂದು ಸದ್ದು ಬಂತು. ಮಕ್ಕಳು ತಟ್ಟೆ ಬಿಟ್ಟು ಎದ್ದರು. ಕ್ವಾರಿ ಆ ದಿಕ್ಕಿನಲ್ಲಿ ಇಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಯಾರೋ ಗೇಟಿನಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದರು.

ನಡೆದದ್ದನ್ನು ಆಮೇಲೆ ಆ ಕುರಿಯ ಹಿರಿಯರೇ ಹೇಳಿದರು. ಅವರು ಕುರಿಗಳನ್ನು ರಸ್ತೆಯ ಆಚೆ ನಿಲ್ಲಿಸಿ, ಸ್ವಲ್ಪ ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದರು. ಅಣ್ಣತಮ್ಮ ಇಬ್ಬರೂ ಸೇರಿ ಡ್ರಮ್ಮನ್ನು ಮುಂದಕ್ಕೆ ಉರುಳಿಸಿ ತಂದರು. ಇವರು ಬಿರಡೆ ಬಿಚ್ಚಿ ಬೋರಲು ಮಾಡಿ ನೋಡಿದರು. ಒಂದು ಹನಿ ಬೀಳಲಿಲ್ಲ. ಮತ್ತೆ ಬಿರಡೆ ಹಾಕಿದರು. ಮೈದುನ ಗ್ರೈಂಡರು ಕೈಗೆ ತೆಗೆದುಕೊಂಡು ಕೇಳಿದನಂತೆ, "ಅಣ್ಣ, ನೋಡಿದ್ಯಾ?"

"ತುಂಬೈತೆ, ಕುಯ್ಯಲೇ" ಎಂದು ಇವರು ಡ್ರಮ್ಮು ಅಲುಗದ ಹಾಗೆ ಅದರ ಮೇಲೆ ಒಂದು ಕಾಲಿಟ್ಟು ನಿಂತರು.

ಗ್ರೈಂಡರಿನ ಕಿಡಿ ಒಳಗೆ ಹೋದ ಕೂಡಲೇ ಡ್ರಮ್ಮಿನ ಒಂದು ತುದಿ ಹಾರಿಹೋಯಿತು. ಬೆಂಕಿ ಇವರ ಮೇಲೆ ಬಂತು. ಮೈದುನ ಪಕ್ಕಕ್ಕೆ ಸಿಡಿದು ಬಿದ್ದ, ಅವನ ಬಲಗೈಯೂ ಕುತ್ತಿಗೆಯ ಒಂದು ಬದಿಯೂ ಸುಟ್ಟವು. ಹಿರಿಯರು ಓಡಿಬಂದು ಹೊದ್ದಿದ್ದ ಕಂಬಳಿಯನ್ನು ಇವರ ಮೇಲೆ ಹಾಕಿ ಒತ್ತಿ ಬೆಂಕಿ ಕೆಡಿಸಿದರು. ಹಾಗೆ ಮಾಡದೆ ಇದ್ದಿದ್ದರೆ ನಾನು ಬರುವಷ್ಟರಲ್ಲಿ ಇವರು ಇರುತ್ತಿರಲಿಲ್ಲ. ಆ ಹಿರಿಯರಿಗೆ ಒಂದು ಕಿವಿ ಈಗಲೂ ಕೇಳಿಸುವುದಿಲ್ಲ.

ಹೊಸದುರ್ಗದಲ್ಲಿ ಡ್ರಿಪ್ಪು ಹಾಕಿ ದುರ್ಗದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹೊಳಲ್ಕೆರೆಯಲ್ಲಿ ಆಂಬುಲೆನ್ಸ್ ಒಂದು ಗಳಿಗೆ ನಿಂತಿತು. ನನ್ನ ಅಣ್ಣ ರಸ್ತೆಯಲ್ಲೇ ಕಾದಿದ್ದು ಹತ್ತಿಕೊಂಡ. ಇವರನ್ನು ನೋಡಿ ಕಿಟಕಿಯ ಕಡೆಗೆ ತಿರುಗಿ ಕುಳಿತವನು ದುರ್ಗ ಬರುವ ತನಕ ನನ್ನ ಕಡೆ ನೋಡಲಿಲ್ಲ.

ಮೊದಲ ದಿನ ಇವರು ಚೆನ್ನಾಗಿ ಮಾತಾಡಿದರು. ಆಳವಾಗಿ ಸುಟ್ಟ ಕಡೆ ನೋವು ಗೊತ್ತಾಗುವುದಿಲ್ಲವಂತೆ. ಅದು ನನಗೆ ಆಗ ತಿಳಿಯದು. ಮಾತಾಡುತ್ತಾರಲ್ಲ, ಉಳಿಯುತ್ತಾರೆ ಎಂದುಕೊಂಡೆ.

"ಲೇ, ನನ್ನ ಮೀಸೆ ಐತೇನೆ?"

"ಐತೆ ಬಿಡ್ರಿ."

"ಸುಳ್ಳು ಹೇಳ್ತೀಯ. ತುಂಬೈತೆ ಅನ್ನು."

ನಕ್ಕರು ಅನ್ನಿಸಿತು. ಬ್ಯಾಂಡೇಜಿನ ಒಳಗೆ ಏನಾಗುತ್ತಿದೆ ಎಂದು ಹೇಗೆ ಹೇಳಲಿ. ಆಮೇಲೆ ತಮ್ಮನನ್ನು ಕೇಳಿದರು. ಅವನು ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿದ್ದ.

"ಅವನ ಕೈ?"

"ಕೈ ಐತೆ. ವಾಸಿಯಾಗ್ತೈತೆ ಅಂದ್ರು."

"ಅವನಿಗೆ ಯಾರೂ ಬೈಬ್ಯಾಡ್ರಿ. ಕುಯ್ಯಿ ಅಂದೋನು ನಾನು. ಅವನನ್ನ ನೋಡ್ಕ."

ಇದಾದ ಮೇಲೆ ಮಾತು ಕಡಿಮೆಯಾಯಿತು. ಕೆಲವು ದಿನ ಕಳೆದ ಮೇಲೆ ಡಾಕ್ಟರು ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಹೊರಟೆವು. ಹೈವೇಯಲ್ಲಿ ಐಮಂಗಲ ದಾಟಿದ ಮೇಲೆ ಜೊತೆಗಿದ್ದ ನರ್ಸು ಇವರ ಕತ್ತಿನ ಬಳಿ ಬೆರಳಿಟ್ಟು ನೋಡಿ, ಡ್ರೈವರಿಗೆ ಪಕ್ಕಕ್ಕೆ ನಿಲ್ಲಿಸಲು ಹೇಳಿದಳು. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಪ್ರತಿ ಲಾರಿಗೂ ಆಂಬುಲೆನ್ಸ್ ಸ್ವಲ್ಪ ಅಲುಗುತ್ತಿತ್ತು. ಅಲ್ಲಿ ತಿರುಗಿಸಲು ದಾರಿ ಇರಲಿಲ್ಲ. ಹಿರಿಯೂರಿನ ತನಕ ಹೋಗಿ ವಾಪಸ್ ಬರಬೇಕಾಯಿತು. ಸತ್ತವರನ್ನು ಕರೆದುಕೊಂಡು ನಾವು ಅಷ್ಟು ದೂರ ಮುಂದಕ್ಕೇ ಹೋದೆವು.

ಊರಿನಲ್ಲಿ ಹೆಂಗಸರು ನನ್ನ ಕೈ ಹಿಡಿದು ಬಳೆ ತೆಗೆಸಿದರು. ಬಳೆ ಹೆಚ್ಚಿದವು ಎಂದು ಯಾರೋ ಹೊರಗೆ ಹೇಳುತ್ತಿದ್ದದ್ದು ಕೇಳಿಸಿತು.

ಪೊಲೀಸಿನವರು ವಿಚಾರಣೆಗೆ ಬಂದದ್ದು ತಿಥಿ ಕಳೆದ ಮೇಲೆ. ಇನ್ಸ್‌ಪೆಕ್ಟರು ಘಟ್ಟದ ಕೆಳಗಿನವರು, ನಮ್ಮ ಕಡೆಗೆ ಹೊಸಬರು. ಅವರ ಜೊತೆ ಹೊಸದುರ್ಗದ ಬೆಂಕಿ ನಂದಿಸುವ ಠಾಣೆಯ ಅಧಿಕಾರಿಯೂ ಬಂದಿದ್ದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿದೆವು. ಅರ್ಧ ಊರು ಸೇರಿತು. ಮೈದುನ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಕುರಿಯ ಹಿರಿಯರನ್ನು ಮುಂದೆ ಕರೆದು ಕೇಳಿದರು.

"ಸತ್ತವರು ಎಂತ ಹೇಳಿದ್ರು? ಸರಿಯಾಗಿ ನೆನಪು ಮಾಡಿ ಹೇಳಿ."

"ತುಂಬೈತೆ, ಕುಯ್ಯಲೇ ಅಂದ್ರು ಸ್ವಾಮಿ."

ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಿ ಮೈದುನನ ಕಡೆ ನೋಡಿದರು.

"ತುಂಬಿದೆ ಅಂತ ಅಣ್ಣ ಹೇಳಿದ ಮೇಲೂ ಕತ್ತರಿಸಿದ್ದಾ ನೀನು? ಗೊತ್ತಿದ್ದೂ?"

ಮೈದುನ ಕಂಬ ಬಿಟ್ಟು ಮುಂದೆ ಬಂದ. ಜನರೇ ಗಲಾಟೆ ಎಬ್ಬಿಸಿದರು.

"ಅಲ್ಲ ಸಾರ್, ತುಂಬೈತೆ ಅಂದ್ರೆ ತುಂಬಿಲ್ಲ ಅಂತ."

"ಮುಗದೈತೆ ಅಂತ ಸಾರ್."

"ತುಂಬಿದೆ ಅಂದ್ರೆ ಖಾಲಿಯಾ? ನನ್ನನ್ನು ಎಂತ ಅಂದುಕೊಂಡಿದ್ದೀರಿ ನೀವು?" ಎಂದು ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನಿಜವಾಗಿ ತುಂಬಿದ್ರೆ ಎಂತ ಹೇಳ್ತೀರಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅದಕ್ಕೂ ತುಂಬೈತೆ ಅಂತೀವಿ ಸಾರ್."

"ಮತ್ತೆ ಗೊತ್ತಾಗುವುದು ಹೇಗೆ ಮಾರಾಯ್ರೆ?"

"ಗೊತ್ತಾಗ್ತೈತೆ ಸಾರ್."

ಹಿಂದೆ ನಿಂತವರಲ್ಲಿ ಯಾರೋ ಪಕ್ಕನೆ ನಕ್ಕರು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ. ಅದು ನೆನಪಾಗಿ ನಗು ನಿಂತಿತು.

ಬೆಂಕಿ ಠಾಣೆಯ ಅಧಿಕಾರಿ ನಮ್ಮ ಕಡೆಯವರೇ. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು, "ಇವರು ಹೇಳೋದು ನಿಜ ಸಾರ್. ನಮ್ಮನೇಲೂ ಹಂಗೇ ಅಂತಾರೆ. ಹುಡುಗನ್ನ ಹಿಡಿಯಾಕೆ ಅದು ಸಾಕ್ಷಿ ಅಲ್ಲ." ಆಮೇಲೆ, "ಆದ್ರೂ ತುಂಬೇ ಇತ್ತು" ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಅವರು ಹಾರಿಹೋದ ಡ್ರಮ್ಮಿನ ತುದಿಯ ಬಿಲ್ಲೆಯನ್ನು ಕಾಲಿನಿಂದ ತೋರಿಸಿ ಹೇಳಿದರು. ಪೆಟ್ರೋಲ್ ಬಸಿದರೂ ತಳದಲ್ಲಿ, ಮೂಲೆಯಲ್ಲಿ ತೇವ ಉಳಿಯುತ್ತದೆ. ಬಿಸಿಲಿಗೆ ಅದು ಆವಿಯಾಗುತ್ತದೆ. ಬಾಯಿ ಬಿಗಿದರೆ ಆ ಆವಿ ಹೊರಗೆ ಹೋಗುವುದಿಲ್ಲ. ಪೆಟ್ರೋಲ್ ಇರುವ ಡ್ರಮ್ಮಿಗಿಂತ ಪೆಟ್ರೋಲ್ ಹೋದ ಡ್ರಮ್ಮಿಗೆ ಹೆಚ್ಚು ಹೆದರಬೇಕು. "ಅಂಥದನ್ನ ಕುಯ್ಯಾಕೇ ಹೋಗಬಾರದು ಕಣ್ರಪ್ಪ. ಗುಜರಿಗೆ ಹಾಕಾಕೂ ಮುಂಚೆ ನೀರು ತುಂಬಿ ಇಡಬೇಕು" ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ನಿಮ್ಮ ಯಜಮಾನ್ರು ಸರಿಯಾಗೇ ಹೇಳಿದ್ರು ಕಣಮ್ಮ. ನಾವೆಲ್ಲ ಬೇರೆ ಥರ ಕೇಳಿಸ್ಕಂಡ್ವಿ ಅಷ್ಟೆ" ಎಂದರು. ಸಮಾಧಾನಕ್ಕೆ ಹೇಳಿದ್ದು. ಅದರಿಂದ ನನಗೆ ಸಮಾಧಾನ ಆಗಲಿಲ್ಲ. ಇವರೂ ಬೇರೆ ಥರವೇ ಕೇಳಿಸಿಕೊಂಡಿದ್ದರು, ತಮ್ಮ ಬಾಯಿಂದ ಬಂದ ಮಾತನ್ನೇ.

ಮೈದುನನ ಮೇಲೆ ಕೇಸು ಆಗಲಿಲ್ಲ. ಅವನು ಅವತ್ತಿನಿಂದ ವರ್ಷದ ತನಕ ಆ ಶೆಡ್ಡಿನ ಕಡೆ ಹೋಗಲಿಲ್ಲ. ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದ. ಎಡಗೈಯಲ್ಲಿ ಕುಡುಗೋಲು ಹಿಡಿಯುವುದನ್ನು ಕಲಿತ. ಬೀಗ ಹಾಕಿದ್ದು ನಾನು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದೂ ನಾನೇ.

ಅದನ್ನು ಅವನು ಕೇಳಿದ ದಿನ ಸಾಯಂಕಾಲ ಮೂವರೂ ಕುಳಿತೆವು. ಅತ್ತೆ ಅವನ ಕಡೆಗಿದ್ದರು.

"ಇನ್ನೊಬ್ಬರ ಹೊಲದಾಗೆ ಎಷ್ಟು ದಿನ ಅಂತ ಬಗ್ಗಿಸ್ತೀಯ ಅವನ್ನ? ಕೆಲಸ ಕಲ್ತೋನು. ಕೊಟ್ಬಿಡು."

"ಕೊಡ್ತೀನಿ ಅತ್ತೆ. ಪೆಟ್ರೋಲ್ ಮಾತ್ರ ಆ ತಗಡಿನ ಕೆಳಗೆ ಬರಬಾರದು."

ಮೈದುನ ತಲೆ ಎತ್ತಿದ. "ಪೆಟ್ರೋಲ್ ಇಲ್ದೆ ಎಂಥ ಗ್ಯಾರೇಜು ಅತ್ತಿಗೆ? ಕಾರ್ಬರೇಟರ್ ಯಾತರಾಗೆ ತೊಳೀಲಿ, ಮಜ್ಜಿಗೇಲಾ?"

"ಹೊರಗೆ ಬಯಲಾಗೆ ತೊಳಿ. ಬೇಕಾದಷ್ಟೇ ತಗಂಬಾ, ಒಂದು ಸಣ್ಣ ಕ್ಯಾನು. ಬೇಲಿ ಹತ್ತಿರ ಚಪ್ಪಡಿ ಕಲ್ಲು ನಿಲ್ಲಿಸಿ ಅದರಡಿ ಇಡು. ಬಾಟ್ಲಿಗೆ ಮಾರೋದು ಬ್ಯಾಡ. ಇನ್ನ ಒಂದು, ಕ್ಯಾನು ಮುಗಿದ್ರೆ ಖಾಲಿ ಅನ್ನು. ಅದಕ್ಕೆ ನೀರು ತುಂಬಿಡು."

"ಖಾಲಿ ಅಂತ ಬಾಯಿ ಬಿಟ್ಟು ಅನ್ನಬೇಕಾ?" ಎಂದು ಅತ್ತೆ ಕೆನ್ನೆಗೆ ಕೈ ಹಚ್ಚಿದರು. "ತಲೆಬಾಗಿಲಾಗೆ ನಿಂತು?"

"ಅನ್ನಬೇಕು ಅತ್ತೆ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಗಂಡ ಸತ್ತ ಸೊಸೆ ಇಂಥ ಮಾತು ಆಡಿದರೆ ಕೇಳುವವರಿಗೆ ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಮೈದುನ ಒಪ್ಪಿಕೊಂಡ. ಸಿಟ್ಟಿನಿಂದ ಒಪ್ಪಿಕೊಂಡನೋ ಮನಸ್ಸಿನಿಂದಲೋ ಕೇಳಲಿಲ್ಲ. ಬೀಗದ ಕೈ ಕೊಟ್ಟೆ.

ಮೊದಮೊದಲು ಹೇಳಿದ ಹಾಗೆಯೇ ನಡೆಯಿತು. ಅವನೇ ಚಪ್ಪಡಿ ಹೊತ್ತು ತಂದು ನಿಲ್ಲಿಸಿದ. ಚೈನು, ಕಾರ್ಬರೇಟರ್ ಬೇಲಿಯ ಪಕ್ಕದಲ್ಲಿ ಕುಳಿತು ತೊಳೆಯುತ್ತಿದ್ದ. ಬಿಸಿಲಿಗೆ ತಲೆಗೆ ಟವಲ್ಲು ಸುತ್ತಿಕೊಂಡು ಕೂರುತ್ತಿದ್ದ. ಸುಟ್ಟ ಕೈಯ ಬೆರಳುಗಳು ಪೂರ್ತಿ ಮಡಿಯುವುದಿಲ್ಲ, ಆದರೂ ಸ್ಪ್ಯಾನರು ಹಿಡಿಯುವ ಹೊಸ ರೀತಿ ಕಂಡುಕೊಂಡಿದ್ದ. ಜನ ಅಣಕಿಸುತ್ತಿದ್ದರು. ನಾನು ನೀರು ತರಲು ಹೋಗುವಾಗ ಬರುವಾಗ ಕೇಳುತ್ತಿದ್ದೆ.

"ಏನಪ್ಪ, ಒಂದು ಬಾಟ್ಲಿ ಪೆಟ್ರೋಲಿಗೆ ಅತ್ತಿಗೆ ಅಪ್ಪಣೆ ಬೇಕಾ?"

"ಬಿಡ್ರಿ ಗೌಡ್ರೆ."

"ಗ್ಯಾರೇಜೋ ಮಠಾನೋ ಇದು? ಬೀಡಿ ಬ್ಯಾಡ, ಪೆಟ್ರೋಲ್ ಬ್ಯಾಡ, ಮಡಿ ಬಟ್ಟೆ ಉಟ್ಕಂಡು ಬರ್ಬೇಕೇನೋ."

ಅವನು ನಗುತ್ತಿದ್ದ. ಮೊದಲು ನಿಜವಾಗಿಯೇ ನಗುತ್ತಿದ್ದ. ಬಸ್ಸು ನಿಲ್ಲುವ ಜಾಗದಲ್ಲಿ ಆಗಲೇ ಇನ್ನೊಂದು ಶೆಡ್ಡು ಎದ್ದಿತ್ತು. ಅಲ್ಲಿ ನೀರಿನ ಬಾಟಲಿಗಳಲ್ಲಿ ಪೆಟ್ರೋಲ್ ತುಂಬಿ ಸಾಲಾಗಿ ನಿಲ್ಲಿಸಿರುತ್ತಿದ್ದರು. ಪೆಟ್ರೋಲಿಗೆ ಹೋದವರು ಅಲ್ಲೇ ಪಂಚರ್ ಹಾಕಿಸಿ, ಅಲ್ಲೇ ಆಯಿಲ್ ಬದಲಿಸಿಕೊಂಡು ಬರುತ್ತಿದ್ದರು. ಈರುಳ್ಳಿಗೆ ಔಷಧಿ ಹೊಡೆಯುವ ಕಾಲ ಬಂತು. ಮಿಷನ್ನುಗಳು ಹೊಲದಿಂದ ಹೊಲಕ್ಕೆ ಓಡಾಡುವ ಕಾಲ ಅದು. ನಮ್ಮ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂರುವವರು ಯಾರೂ ಇರಲಿಲ್ಲ. ಮೈದುನ ಒಬ್ಬನೇ ಕುಳಿತು ಆ ಕಡೆ ನೋಡುತ್ತಿದ್ದ.

ಒಂದು ದಿನ ಶಾಲೆಯಿಂದ ಬರುವಾಗ ಶೆಡ್ಡಿನಲ್ಲಿ ಗ್ರೈಂಡರಿನ ಸದ್ದು ಕೇಳಿಸಿತು. ಮನೆಗೆ ಹೋಗದೆ ಆ ಕಡೆ ಹೋದೆ. ಅವನು ನನಗೆ ಬೆನ್ನು ಮಾಡಿ ಯಾವುದೋ ಬೈಕಿನ ಸ್ಟ್ಯಾಂಡನ್ನು ಕೊಯ್ಯುತ್ತಿದ್ದ. ಕಿಡಿಗಳು ನೆಲದ ಮೇಲೆ ಹರಡಿ ಆರುತ್ತಿದ್ದವು. ಕೆಲವು ಬೆಂಚಿನ ತನಕ ಹೋಗುತ್ತಿದ್ದವು. ಬೆಂಚಿನ ಕೆಳಗೆ ಗೋಣಿಚೀಲ ಹೊದಿಸಿದ ಏನೋ ಇತ್ತು. ನಾನು ಚೀಲ ಎತ್ತಿದೆ. ನೀಲಿ ಕ್ಯಾನು, ಅದರ ಹಿಂದೆ ಇನ್ನೊಂದು.

ಮೇನ್ ಸ್ವಿಚ್ಚು ಆಫ್ ಮಾಡಿದೆ. ಗ್ರೈಂಡರು ನಿಂತ ಮೇಲೆ ಅವನು ತಿರುಗಿದ.

"ಮೂತಿ ಬಿಗಿ ಐತೆ ಅತ್ತಿಗೆ" ಎಂದ. ನಾನು ಇನ್ನೂ ಏನೂ ಕೇಳಿರಲಿಲ್ಲ.

"ಎಷ್ಟು ದಿನದಿಂದ?"

"ಜನ ಬರ್ತಿಲ್ಲ. ನೀವು ನೋಡ್ತಿಲ್ವಾ? ಪೆಟ್ರೋಲಿಗೆ ಬಂದೋರೇ ರಿಪೇರಿಗೆ ಬರೋದು. ನಾನೇನ್ ಮಾಡ್ಲಿ?"

"ಇಲ್ಲಿ ಕಿಡಿ ಹಾರಿಸ್ತಿದ್ದೀಯಲ್ಲಪ್ಪ."

"ಗೋಣಿ ಹಾಕೀನಿ."

ಆ ಗೋಣಿಚೀಲ ನನ್ನ ಕೈಯಲ್ಲಿತ್ತು. ಒಣಗಿ ಗರಿಗರಿಯಾಗಿತ್ತು. ಒಂದು ಕಡೆ ಸಣ್ಣ ಸಣ್ಣ ಕರಿ ತೂತುಗಳಿದ್ದವು. ಅವನ ಮುಂದೆ ಹಿಡಿದೆ. ಅವನು ನೋಡಿದ, ನೋಡಿ ಮುಖ ಆಚೆ ತಿರುಗಿಸಿಕೊಂಡ.

"ಅಣ್ಣ ಇದ್ದಿದ್ರೆ ಹಿಂಗೆ ಬಾಗಿಲಾಗೆ ನಿಂತು ಕೇಳ್ತಿದ್ರಾ ನನ್ನ?"

"ನಿಮ್ಮಣ್ಣ ಇಲ್ಲ."

ಆ ಮಾತು ಇಷ್ಟು ದಿನ ಯಾರ ಬಾಯಿಂದಲೂ ಬಂದಿರಲಿಲ್ಲ. ಹೋದರು ಅಂದಿದ್ದೆವು, ದೇವರ ಪಾದ ಸೇರಿದರು ಅಂದಿದ್ದೆವು. ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದ ಗ್ರೈಂಡರನ್ನು ಬೆಂಚಿನ ಮೇಲೆ ಕುಕ್ಕಿ ಹೊರಗೆ ನಡೆದ. ಸದ್ದು ಕೇಳಿ ಅತ್ತೆ ಬಂದರು, ಏನಾಯ್ತು ಏನಾಯ್ತು ಎಂದರು. ನಾನು ಎರಡೂ ಕ್ಯಾನುಗಳನ್ನು ಒಂದೊಂದಾಗಿ ಬೇಲಿಯ ತನಕ ಹೊತ್ತೆ. ಭಾರವಾಗಿದ್ದವು. ಆಮೇಲೆ ಶೆಡ್ಡಿಗೆ ಬೀಗ ಹಾಕಿದೆ.

"ಗಂಡನ ತಮ್ಮನ ಹೊಟ್ಟೆ ಮೇಲೆ ಹೊಡ್ದೆಯಲ್ಲೇ" ಎಂದು ಅತ್ತೆ ಅವತ್ತು ನನಗೆ ಅಂದರು. ಅವರ ಮಾತು ತಪ್ಪೆಂದು ನಾನು ಹೇಳಲಾರೆ.

ಅವನು ವಾರದೊಳಗೆ ಹಿರಿಯೂರಿಗೆ ಹೋದ. ಅಲ್ಲಿ ಹೈವೇ ಪಕ್ಕದ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಯದನ್ನು ನೋಡಿ ಬಂದ ನಮ್ಮ ಊರಿನವರೊಬ್ಬರು ಹೇಳಿದರು, ಅಲ್ಲಿ ಟ್ಯಾಂಕು ಬಿಚ್ಚಬೇಕಾದರೆ ಗಾಡಿಯನ್ನು ಬಯಲಿಗೆ ತಳ್ಳುತ್ತಾರಂತೆ, ಕಿಡಿಯ ಕೆಲಸಕ್ಕೆ ಗೋಡೆ ಕಟ್ಟಿದ ಬೇರೆ ಕೋಣೆ ಇದೆಯಂತೆ. "ನಿನ್ನ ಮೈದುನನಿಗೆ ಅಲ್ಲೇನೂ ಸ್ವಂತ ಮಾತಿಲ್ಲ ಬಿಡವ್ವ, ಹೇಳಿದ್ದು ಮಾಡ್ತಾನೆ" ಎಂದು ಅವರು ಕನಿಕರದಿಂದ ಹೇಳಿದರು. ನನಗೆ ಅದನ್ನು ಕೇಳಿ ನಿರಾಳವಾಯಿತು. ಅವನಿಗೆ ಎಷ್ಟು ಸಂಕಟವಾಗುತ್ತಿರಬಹುದು ಎಂಬುದು ಆಮೇಲೆ ಹೊಳೆಯಿತು. ಅಣ್ಣನ ಜೊತೆ ಸ್ವಂತ ಶೆಡ್ಡಿನಲ್ಲಿ ಕೆಲಸ ಮಾಡಿದವನು ಅವನು.

ಪೆಟ್ರೋಲನ್ನು ಹೀಗೆ ಬಾಟಲಿಯಲ್ಲಿ ಇಡಬೇಡಿ ಎಂದು ಬಸ್ಸು ನಿಲ್ಲುವಲ್ಲಿನ ಶೆಡ್ಡಿನವರಿಗೆ ನಾನು ಒಮ್ಮೆ ಹೋಗಿ ಹೇಳಿದೆ. ಆ ಮನೆಯ ಹೆಂಗಸು ಬಾಟಲಿಗಳಿಗೆ ಅಡ್ಡವಾಗಿ ನಿಂತು, "ಒಳ್ಳೆ ದಿನ ನೋಡಿ ಬಂದ್ಯಲ್ಲಕ್ಕ, ಹೋಗು" ಎಂದಳು. ಅವಳಿಗೆ ನಾನು ಬೇರೆಯವರ ಹಾಗೆ ಕಾಣಲಿಲ್ಲ. ಗಂಡ ಸತ್ತವಳು ಎಂಬುದಷ್ಟೇ ಅವಳಿಗೆ ಕಂಡಿತು. ಬಾಟಲಿಗಳು ಈಗಲೂ ಅಲ್ಲೇ ಇವೆ, ಬಿಸಿಲಿನಲ್ಲಿ.

ಮೈದುನನಿಗೆ ಸೋಮವಾರ ರಜ. ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ ಬರುತ್ತಾನೆ. ನನ್ನ ಜೊತೆ ಮಾತಾಡುವುದಿಲ್ಲ. ಏನು ಹೇಳಬೇಕಾದರೂ ಅತ್ತೆಗೆ ಹೇಳುತ್ತಾನೆ. ಹೋದ ಸೋಮವಾರ ಬಂದಿದ್ದ. ಊಟಕ್ಕೆ ಕುಳಿತು ಗೋಡೆ ನೋಡಿಕೊಂಡು ಹೇಳಿದ.

"ಅವ್ವ, ಬರೋ ವಾರ ಬರಲ್ಲ ಅಂತ ಹೇಳು. ಕೆಲಸ ಐತೆ."

"ಇಲ್ಲೇ ಇದ್ದೀನಲ್ಲಪ್ಪ, ನನಗೇ ಹೇಳು" ಎಂದೆ.

"ಅವ್ವ, ಸಾರು ಸ್ವಲ್ಪ ಹಾಕ್ಸು."

ಅತ್ತೆ ನನ್ನ ಕಡೆ ನೋಡಿದರು. ಅವನಿಗೆ ಸಾರು ಹಾಕಿದೆ. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿದಿತ್ತು. ಅದರ ಪಕ್ಕದಲ್ಲಿ ಕೇಳದೆಯೇ ಇನ್ನೊಂದು ಇಟ್ಟೆ. ಬೇಡ ಅನ್ನುತ್ತಾನೇನೋ ಎಂದು ಕಾದೆ. ಅವನು ಎರಡನ್ನೂ ಉಂಡ. ಸಾಯಂಕಾಲದ ಬಸ್ಸಿಗೆ ಹಿರಿಯೂರಿಗೆ ಹೋದ.